ಸಲಹೆ ಕೊಟ್ಟಿದೆ

ಜನವರಿ 9, ಗುರುವಾರ

ಇವತ್ತು ಇಲಾಖೆಯ ಕಾಗದ ಬಂತು. ದೊಡ್ಡ ಡಾಕ್ಟರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ ನನ್ನ ಕೈಗೆ ಕೊಟ್ಟರು. "ನೀವೇ ನೋಡ್ರಮ್ಮ. ಇದು ಔಷಧಿ ವಿಷಯ ಅಲ್ಲ, ವ್ಯಾಪಾರದ ವಿಷಯ."

ಇಪ್ಪತ್ತೆರಡು ವರ್ಷ ಬಾಗಿಲು ಬಾಗಿಲು ತಟ್ಟಿ ಕುಕ್ಕರ್ ಮಾರಿದವಳು ನಾನು. ಕಾಗದದಲ್ಲಿ ವ್ಯಾಪಾರ ಎಲ್ಲಿ ಅಡಗಿದೆ ಎಂದು ಮೂಸಿ ಹೇಳಬಲ್ಲೆ. ಈ ಕ್ಲಿನಿಕ್ಕಿಗೆ ಮ್ಯಾನೇಜರ್ ಆಗಿ ಬಂದು ಆರು ವರ್ಷವಾಯಿತು. ಇಂಥ ಕಾಗದ ಇದೇ ಮೊದಲು.

ಸಾರಾಂಶ ಇಷ್ಟು. ನಮ್ಮಲ್ಲಿ ಹೆಸರು ಬರೆಸಿದ ವಯಸ್ಕರೆಲ್ಲರನ್ನೂ ಸಿಗರೇಟು ಸೇದುತ್ತೀರಾ ಎಂದು ಕೇಳಿ ದಾಖಲಿಸಬೇಕು. ಸೇದುವವರಿಗೆ ಬಿಡಿ ಎಂದು ಹೇಳಿ, ಬಿಡಲು ಸಹಾಯ ಬೇಕೇ ಎಂದು ಕೇಳಿ, 'ಸಲಹೆ ಕೊಟ್ಟಿದೆ' ಎಂಬ ಚೌಕದಲ್ಲಿ ಗುರುತು ಹಾಕಬೇಕು. ಮಾರ್ಚ್ ಮೂವತ್ತೊಂದರ ಸಂಜೆ ಆರಕ್ಕೆ ಕಂಪ್ಯೂಟರ್ ತಾನಾಗಿ ಬಾಗಿಲು ಹಾಕುತ್ತದೆ. ಆ ಹೊತ್ತಿಗೆ ಸೇದುವವರಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ಗುರುತು ಬಿದ್ದಿದ್ದರೆ ಪ್ರೋತ್ಸಾಹಧನ ಪೂರ್ತಿ. ಎಂಬತ್ತು ದಾಟಿದ್ದರೆ ಅರ್ಧ. ಅದಕ್ಕಿಂತ ಕೆಳಗಾದರೆ ಒಂದು ಧನ್ಯವಾದ ಪತ್ರ.

ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ ಇತ್ತು. ಏಪ್ರಿಲ್‌ನಿಂದ ನಮ್ಮ ಸಿಸ್ಟರ್ ಸಂಬಳ ಇಲಾಖೆ ಕೊಡುವುದಿಲ್ಲವಂತೆ.

ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಪೂರ್ತಿ ಪ್ರೋತ್ಸಾಹಧನ, ಸಿಸ್ಟರ್‌ನ ಒಂದು ವರ್ಷದ ಸಂಬಳ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ!

ದೊಡ್ಡ ಡಾಕ್ಟರು ಕೇಳಿದರು, "ಆಗುತ್ತಾ?"

"ಸಾರ್, ಒಲೆ ಇಲ್ಲದ ಮನೆಗೂ ಕುಕ್ಕರ್ ಮಾರಿದೀನಿ. ಇದ್ಯಾವ ಲೆಕ್ಕ?"

ಜನವರಿ 14, ಮಂಗಳವಾರ

ಬೆಳಗ್ಗೆ ಎಂಟಕ್ಕೇ ಸಾಲಿನ ಮಧ್ಯೆ ನಿಂತೆ. ಒಂದು ಕೈಯಲ್ಲಿ ಪಟ್ಟಿ, ಕಿವಿ ಮೇಲೆ ಪೆನ್ನು. ಮೊದಲ ದಿನ "ನೀವು ಸಿಗರೇಟು ಸೇದ್ತೀರಾ?" ಎಂದು ಕೇಳಿ ಕೆಟ್ಟೆ. ಎಲ್ಲರೂ ಇಲ್ಲ ಎಂದರು. ಜೇಬಿನಲ್ಲಿ ಪ್ಯಾಕೆಟ್ಟು ಚೌಕಾಕಾರವಾಗಿ ಎದ್ದು ಕಾಣುತ್ತಿದ್ದವನೂ ಇಲ್ಲ ಎಂದ.

ಇವತ್ತು ಪ್ರಶ್ನೆ ಬದಲಿಸಿದೆ. ಕುಕ್ಕರ್ ಮಾರುವಾಗ "ತಗೋತೀರಾ?" ಎಂದು ಯಾರೂ ಕೇಳುವುದಿಲ್ಲ. "ಮೂರು ಲೀಟರಿಂದೋ ಐದು ಲೀಟರಿಂದೋ?" ಎಂದೇ ಕೇಳಬೇಕು.

"ದಿನಕ್ಕೆ ಎಷ್ಟು ಸಿಗರೇಟು ಸಾರ್?"

"ಎಂಟು... ಅಯ್ಯೋ!"

ಹಿಂದೆ ನಿಂತವರೆಲ್ಲ ನಕ್ಕರು. ಹೆಂಡತಿ ಪಕ್ಕದಲ್ಲೇ ಇದ್ದಳು. "ಎರಡು ಅಂದಿದ್ರಲ್ರೀ ನನ್ ಹತ್ರ!" ಎಂದು ಅವನ ತೋಳು ಚಿವುಟಿದಳು. ಒಬ್ಬ ಮಾತ್ರ ಎದೆಯ ಮೇಲೆ ಕೈಯಿಟ್ಟು, "ನಾನು ಸೇದಲ್ಲ ಮೇಡಂ, ಸ್ನೇಹಿತರು ಸೇದಿಸ್ತಾರೆ" ಎಂದ. ಅವನನ್ನು 'ಹೌದು' ಎಂದು ಬರೆದುಕೊಂಡೆ.

ಒಂದೇ ದಿನಕ್ಕೆ ನೂರ ಹದಿನೆಂಟು ಹೆಸರು. ಚಿಕ್ಕ ಡಾಕ್ಟರಮ್ಮ ಕೋಣೆಯಿಂದ ಇಣುಕಿ, "ಇಲ್ಲೇನು ಸಂತೆನಾ?" ಎಂದರು. ಊಟ ಮಾಡಿದ್ದು ಮೂರೂವರೆಗೆ.

ಜನವರಿ 29, ಬುಧವಾರ

ಊದುವ ಯಂತ್ರ ಬಂತು. ಅಂಗೈಯಷ್ಟು ದೊಡ್ಡದು, ತುದಿಗೆ ಕಾಗದದ ಕೊಳವೆ. ಉಸಿರು ಬಿಗಿಹಿಡಿದು ಊದಿದರೆ ಒಳಗೆ ಹೊಗೆಯ ವಿಷ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಸೇದದವರಿಗೆ ಎರಡೋ ಮೂರೋ. ಸೇದುವವರಿಗೆ ಹತ್ತರ ಮೇಲೆ ಎಷ್ಟು ಬೇಕಾದರೂ.

ಔಷಧಿ ಅಲಮಾರಿಯ ಪಕ್ಕದ ಮೂಲೆಯಲ್ಲಿ ಸಿಸ್ಟರ್‌ಗೆ ಒಂದು ಮೇಜು, ಎರಡು ಕುರ್ಚಿ ಹಾಕಿಸಿದೆ. ನಲವತ್ತರ ಹೆಣ್ಣುಮಗಳು, ಬೆಳಗ್ಗೆ ಮಗಳನ್ನು ಕಾಲೇಜಿಗೆ ಬಿಟ್ಟು ಓಡಿ ಬರುತ್ತಾಳೆ. ಮಾತು ಕಮ್ಮಿ. ನಾನು ಹತ್ತು ವಾಕ್ಯದಲ್ಲಿ ಹೇಳುವುದನ್ನು ಅವಳು ಹುಬ್ಬು ಎತ್ತಿ ಹೇಳುತ್ತಾಳೆ. ಏಪ್ರಿಲ್ ವಿಷಯ ಅವಳಿಗೆ ಗೊತ್ತು. ಅರ್ಧ ಸಂಬಳವಾದರೆ ಸಾಕಾಗುತ್ತದಾ ಎಂದು ಕೇಳಿದ್ದಕ್ಕೆ, "ಮಗಳ ಫೀಸಿಗೆ ಅರ್ಧ ಅನ್ನೋದಿಲ್ಲ ಅಕ್ಕ" ಎಂದಳು. ಅಷ್ಟೇ.

ಮಧ್ಯಾಹ್ನ ನಮ್ಮ ಮಾವನವರು ಬಿ.ಪಿ. ನೋಡಿಸಲು ಬಂದರು. ಎಪ್ಪತ್ತನಾಲ್ಕು ವರ್ಷ, ದಿನಕ್ಕೆ ಆರು ಸಿಗರೇಟು, ಮೆಟ್ಟಿಲ ತಿರುವಿನಲ್ಲಿ ನಿಂತು ಕದ್ದು. ಕದಿಯುವುದು ಮನೆಯವರೆಲ್ಲರಿಗೂ ಗೊತ್ತಿರುವುದರಿಂದ ಅದನ್ನು ಕದಿಯುವುದು ಎನ್ನಬಾರದೇನೋ. ಯಂತ್ರ ಕಂಡು ಮಗುವಿನ ಹಾಗೆ ಹಿಗ್ಗಿ ಊದಿದರು. ಮೂವತ್ತೊಂದು!

"ಇವತ್ತಿಗೆ ಇದೇ ಹೆಚ್ಚಾ?" ಎಂದು ಸಿಸ್ಟರನ್ನು ಕೇಳಿದರು.

"ಹೌದು ತಾತ, ನಿಮ್ಮದೇ ಮೊದಲನೇ ನಂಬರು."

"ನೋಡಮ್ಮ," ಎಂದು ನನ್ನ ಕಡೆ ತಿರುಗಿದರು, "ನಮ್ಮ ಮನೇಲಿ ಯಾರಾದ್ರೂ ಒಬ್ರು ಫಸ್ಟ್ ಬಂದ್ರಲ್ಲ."

ಫೆಬ್ರವರಿ 11, ಮಂಗಳವಾರ

ಮೊದಲ ಅರ್ಧ ಮುಗಿಯಿತು. ಕೇಳಬೇಕಾದವರನ್ನೆಲ್ಲ ಕೇಳಿಯಾಯಿತು. ಸೇದುವವರು ಆರುನೂರ ಇಪ್ಪತ್ತನಾಲ್ಕು. ಪಟ್ಟಿಗೆ ಇನ್ನು ಹೊಸ ಹೆಸರು ಸೇರದಂತೆ ಇಲಾಖೆ ಬೀಗ ಹಾಕಿತು.

ಎರಡನೇ ಅರ್ಧ, ಅಂದರೆ ಸಲಹೆ, ಆಮೆ; ನಾನೂರ ಮೂವತ್ತೆರಡಕ್ಕೆ ಬಂದು ನಿಂತಿದೆ. ಒಬ್ಬನಿಗೆ ಸಲಹೆ ಎಂದರೆ ಆರೇಳು ನಿಮಿಷ. ಹೊರಗೆ ಮೂವತ್ತು ಜನ ಕೆಮ್ಮುತ್ತ ಕೂತಿರುವಾಗ ಡಾಕ್ಟರಿಗೆ ಆರು ನಿಮಿಷ ಎಲ್ಲಿಂದ ಬರಬೇಕು? ಸೇದುವವನ ಕಡತ ತೆರೆದರೆ ಪರದೆಯ ತಲೆಯಲ್ಲಿ 'ಸಲಹೆ ಬಾಕಿ' ಎಂಬ ಹಳದಿ ಪಟ್ಟಿ ಬರುತ್ತದೆ. ಆ ಪಟ್ಟಿ ನೋಡಿದಾಗ ಮಾತ್ರ ಡಾಕ್ಟರು ಮಾತೆತ್ತುತ್ತಾರೆ. ಗುರುತು ಹಾಕಿದರೆ ಪಟ್ಟಿ ಮಾಯ.

ಊಟದ ಹೊತ್ತಿನಲ್ಲಿ ಒಂದು ಯೋಚನೆ ಹೊಳೆಯಿತು. ಹೊಳೆದದ್ದೇನು, ನನ್ನ ರಕ್ತದಲ್ಲೇ ಇತ್ತು. ತಿಂಗಳ ಕೊನೆಗೆ ಗುರಿ ಮುಟ್ಟಲು ನಾವು ಮೊದಲು ಬಿಲ್ ಬರೆದುಬಿಡುತ್ತಿದ್ದೆವು. ಕುಕ್ಕರ್ ಮುಂದಿನ ವಾರ ತಲುಪಿಸಿದರಾಯಿತು. ಒಂದು ಮನೆಗೂ ಮೋಸ ಮಾಡಿದವಳಲ್ಲ, ಎಲ್ಲರಿಗೂ ತಲುಪಿಸಿದ್ದೇನೆ. ಇಲ್ಲೂ ಅಷ್ಟೇ. ಗುರುತು ಇವತ್ತು, ಸಲಹೆ ಆಮೇಲೆ.

ಎರಡು ಗಂಟೆಯಿಂದ ನಾಲ್ಕರವರೆಗೆ ಕೂತು ನೂರ ನಲವತ್ತಮೂರು ಜನರಿಗೆ ಗುರುತು ಹಾಕಿದೆ. ಯಾರು ಯಾರೆಂದು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ತಲುಪಿಸಬೇಕಲ್ಲ. ಮಾವನವರೂ ಅದರಲ್ಲಿದ್ದಾರೆ.

ಐನೂರ ಎಪ್ಪತ್ತೈದು! ಶೇಕಡಾ ತೊಂಬತ್ತೆರಡು! ಮನೆಗೆ ನಡೆದು ಬರುವಾಗ ಕಾಲು ನೆಲಕ್ಕೆ ತಾಗಲಿಲ್ಲ.

ಫೆಬ್ರವರಿ 20, ಗುರುವಾರ

ಇಲಾಖೆಯಿಂದ ಫೋನು. ಸುತ್ತಲಿನ ಮೂವತ್ತಾರು ಕ್ಲಿನಿಕ್ಕುಗಳಲ್ಲಿ ನಾವೇ ಮೊದಲು. "ಏನು ಗುಟ್ಟು ಮೇಡಂ?" ಎಂದು ಕೇಳಿದರು. "ಬಾಯಿ ಸಾರ್, ಬಾಯಿ" ಎಂದೆ. ದೊಡ್ಡ ಡಾಕ್ಟರು ಎಲ್ಲರಿಗೂ ಬಿಸ್ಕತ್ತು ತರಿಸಿದರು. ಸಿಸ್ಟರ್ ಹೋಗುವಾಗ ನನ್ನ ಕೈ ಹಿಡಿದು ಒಮ್ಮೆ ಗಟ್ಟಿಯಾಗಿ ಅದುಮಿದಳು.

ಹಾಳೆಯಲ್ಲಿ ತಲುಪಿಸಿದ್ದು ಇನ್ನೂ ಒಂದೂ ಇಲ್ಲ. ಬರುವ ವಾರ.

ಮಾರ್ಚ್ 6, ಗುರುವಾರ

ಹಳೇ ಸೇತುವೆ ಹತ್ತಿರ ಕಿಟಕಿ ಬಾಗಿಲು ಮಾಡುವ ಬಡಗಿಯನ್ನು ಬೆಳಗ್ಗೆ ಆಟೋದಲ್ಲಿ ಹೊತ್ತು ತಂದರು. ಮುಖ ಮರದ ಪುಡಿಯ ಬಣ್ಣ. ಒಂದು ಕೈ ಎದೆಯ ಮೇಲೆ. ಚಿಕ್ಕ ಡಾಕ್ಟರಮ್ಮ ಓಡಿದರು, ಸಿಸ್ಟರ್ ಓಡಿದಳು, ಹನ್ನೊಂದು ನಿಮಿಷದಲ್ಲಿ ಆಂಬುಲೆನ್ಸ್ ದೊಡ್ಡಾಸ್ಪತ್ರೆಗೆ ಹೊರಟಿತು. ಮಧ್ಯಾಹ್ನ ಫೋನು ಬಂತು: ಹೃದಯಾಘಾತ, ಜೀವಕ್ಕೆ ಅಪಾಯವಿಲ್ಲ.

ಸಂಜೆ ಅವನ ಹೆಂಡತಿ ಹಳೇ ಚೀಟಿ ತೆಗೆದುಕೊಂಡು ಹೋಗಲು ಬಂದಳು. ನನ್ನೆದುರಿನ ಕುರ್ಚಿಯ ತುದಿಯಲ್ಲಿ ಕೂತಳು.

"ಹದಿನೈದು ದಿನದ ಹಿಂದೆ ಬೆರಳು ಕುಯ್ಕೊಂಡು ಇಲ್ಲಿಗೇ ಬಂದಿದ್ರು ಅಕ್ಕ. ಡಾಕ್ಟರಮ್ಮ ಹೊಲಿಗೆ ಹಾಕಿದ್ರು. ಆವತ್ತು ಸಿಗರೇಟಿನ ಬಗ್ಗೆ ಒಂದು ಮಾತು ಹೇಳಿದ್ರೆ ಬಿಡ್ತಿದ್ರೇನೋ. ನಾನು ಹೇಳಿದ್ರೆ ಕೇಳಲ್ಲ. ಅವರು ಕೇಳೋದು ಡಾಕ್ಟರ ಮಾತು ಮಾತ್ರ."

"ಹೇಳಿರ್ತಾರಮ್ಮ" ಎಂದೆ. ಬಾಯಿಗೆ ಬಂದದ್ದು ಅದೇ.

"ಇಲ್ಲ. ನಾನು ಪಕ್ಕದಲ್ಲೇ ಇದ್ದೆ."

ಅವಳು ಹೋದ ಮೇಲೆ ಕಡತ ತೆರೆದೆ. ಹಳದಿ ಪಟ್ಟಿ ಇರಲಿಲ್ಲ. 'ಸಲಹೆ ಕೊಟ್ಟಿದೆ, ಫೆಬ್ರವರಿ 11.' ಪಕ್ಕದಲ್ಲಿ ನನ್ನ ಸಂಕೇತ ಸಂಖ್ಯೆ.

ಮಾರ್ಚ್ 7, ಶುಕ್ರವಾರ

ತಲೆನೋವು. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 10, ಸೋಮವಾರ

ಎರಡು ದಿನ ಲೆಕ್ಕ ಹಾಕಿದೆ. ಇಲಾಖೆಯವರು ಎಲ್ಲಾದರೂ ತಪಾಸಣೆಗೆ ಬಂದು, ನೂರ ನಲವತ್ತಮೂರರಲ್ಲಿ ನಾಲ್ಕು ಜನಕ್ಕೆ ಫೋನು ಮಾಡಿ, "ನಿಮಗೆ ಸಲಹೆ ಕೊಟ್ಟಿದ್ದಾರಾ?" ಎಂದು ಕೇಳಿದರೆ? ಕ್ಲಿನಿಕ್ಕಿನ ಹೆಸರು ಹಾಳು, ನನ್ನ ಕೆಲಸ ಹೋಗುತ್ತದೆ. ಅಪಾಯ ಹೆಚ್ಚು, ಲಾಭ ಕಮ್ಮಿ. ಇದು ಬರೀ ವ್ಯಾಪಾರದ ಬುದ್ಧಿ, ಬೇರೇನೂ ಅಲ್ಲ.

ಬೆಳಗ್ಗೆ ಏಳೂವರೆಗೇ ಹೋಗಿ, ಯಾರೂ ಬರುವ ಮೊದಲು, ನೂರ ನಲವತ್ತಮೂರನ್ನೂ ಒಂದೊಂದಾಗಿ ತೆಗೆದೆ. ಪ್ರತಿ ಸಲವೂ ಹಳದಿ ಪಟ್ಟಿ ಮತ್ತೆ ಬಂದು ಕೂತಿತು. ಉಳಿದದ್ದು ನಾನೂರ ಮೂವತ್ತೆರಡು. ಶೇಕಡಾ ಅರವತ್ತೊಂಬತ್ತು.

ಡಾಕ್ಟರುಗಳಿಗೂ ಸಿಸ್ಟರ್‌ಗೂ ಒಟ್ಟಿಗೆ ಹೇಳಿಬಿಟ್ಟೆ. ದೊಡ್ಡ ಡಾಕ್ಟರು ಕಿಟಕಿಯ ಕಡೆ ತಿರುಗಿ ನಿಂತರು. ಚಿಕ್ಕ ಡಾಕ್ಟರಮ್ಮ ಕೆಂಪಾದರು. "ಆ ಹಳದಿ ಪಟ್ಟಿ ಇದ್ದಿದ್ರೆ ನಾನು ಹೇಳ್ತಿದ್ದೆ. ಖಂಡಿತ ಹೇಳ್ತಿದ್ದೆ" ಎಂದು ಎರಡು ಸಲ ಹೇಳಿದರು.

ನಾನು ಹೆದರಿದ್ದು ಸಿಸ್ಟರ್‌ಗೆ. ಹೋದದ್ದು ಅವಳ ಸಂಬಳವಲ್ಲವೇ. ಅವಳು ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳು ಓಡಿಸಿದಳು.

"ಇವತ್ತು ಸೇರಿ ಹತ್ತೊಂಬತ್ತು ಕೆಲಸದ ದಿನ ಇದೆ ಅಕ್ಕ. ಇನ್ನೆಷ್ಟು ಬೇಕು?"

"ನೂರ ಮೂವತ್ತು."

"ದಿನಕ್ಕೆ ಏಳು." ಸ್ಟೂಲು ಎಳೆದು ಕೂತಳು. "ಫೋನ್ ಮಾಡಿ. ಈಗಲೇ."

ಮಾರ್ಚ್ 12, ಬುಧವಾರ

ಬಡಗಿ ಮನೆಗೆ ಬಂದಿದ್ದಾನೆಂದು ತಿಳಿದು ಹೋದೆ. ಅಂಗಳದ ತುಂಬ ಅರ್ಧ ಮುಗಿದ ಕಿಟಕಿ ಚೌಕಟ್ಟುಗಳು. ಕೂರಲು ಕೊಟ್ಟ ಕುರ್ಚಿಗೂ ಒಂದು ಕೈ ಇರಲಿಲ್ಲ. ಅವನು ಮಂಚದ ಮೇಲೆ ದಿಂಬಿಗೆ ಒರಗಿದ್ದ.

ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟೆ. "ನಿಮಗೆ ಸಲಹೆ ಕೊಟ್ಟಿದೀವಿ ಅಂತ ನಾನು ಸುಳ್ಳು ಬರೆದಿದ್ದೆ" ಎಂದೆ. "ಅದಕ್ಕೇ ಡಾಕ್ಟರಮ್ಮ ಕೇಳಲಿಲ್ಲ."

ಅವನು ನನ್ನನ್ನು ನೋಡಿದ. ಮರ ನೋಡುವ ಹಾಗೆ, ಗಂಟು ಎಲ್ಲಿದೆ ಎಂದು.

"ಹೇಳಿದ್ರೂ ಕೇಳ್ತಿದ್ನೋ ಇಲ್ವೋ."

"ಅದು ನಿಮ್ಮಿಷ್ಟ. ಹೇಳೋದು ನಮ್ಮ ಕೆಲಸ ಆಗಿತ್ತು."

"ಹಾಗಾದ್ರೆ ಈಗ ಹೇಳಿ. ಕೂತಿದೀನಲ್ಲ."

ಹೇಳಿದೆ. ಬಿಟ್ಟ ಮಾರನೇ ದಿನದಿಂದಲೇ ಹೃದಯಕ್ಕೆ ಏನು ಹಗುರಾಗುತ್ತದೆ, ಮೊದಲ ಮೂರು ದಿನ ಯಾಕೆ ಕಷ್ಟ, ಕೈಗೆ ಏನು ಕೆಲಸ ಕೊಡಬೇಕು, ಸಿಸ್ಟರ್ ಹತ್ತಿರ ಏನೇನು ಔಷಧಿ ಇದೆ. ಹೆಂಡತಿ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಮುಗಿದಾಗ ಒಂದು ಗಂಟೆಯಾಗಿತ್ತು. ಆ ಒಂದು ಗಂಟೆಗೆ ಒಂದೇ ಗುರುತು. ವ್ಯಾಪಾರದಲ್ಲಿ ಇದಕ್ಕೆ ನಷ್ಟ ಎನ್ನುತ್ತಾರೆ. ಆದರೆ ನಡೆದು ಬರುವಾಗ ಯಾಕೋ ಶಿಳ್ಳೆ ಹಾಕುತ್ತಿದ್ದೆ.

ಮಾರ್ಚ್ 17, ಸೋಮವಾರ

ನೂರ ಮೂವತ್ತರಲ್ಲಿ ಐವತ್ತೆರಡು! ದಿನಕ್ಕೆ ಏಳರ ಲೆಕ್ಕದಲ್ಲಿ ನಾವೇ ಮುಂದೆ!

ಫೋನು ಹಿಡಿದು ಹಿಡಿದು ಎಡಗಿವಿ ಬಿಸಿಯಾಗಿದೆ. ಒಬ್ಬೊಬ್ಬರದು ಒಂದೊಂದು ಕಥೆ. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ಕಾಯುವವರೆಗೆ ಸೇದುತ್ತಾನಂತೆ. "ಹಾಗಾದ್ರೆ ಎರಡು ಪೆಟ್ಟಿಗೆ ಇಟ್ಕೊಳ್ಳಿ, ಕಾಯೋದೇ ಬೇಡ" ಎಂದೆ. ಶಾಲೆಯ ಗಣಿತದ ಮೇಷ್ಟ್ರು ಸಿಗರೇಟಿಗೆ ಐದು ನಿಮಿಷದಂತೆ ಲೆಕ್ಕ ಹಾಕಿ, ಜೀವನದಲ್ಲಿ ಒಂದೂವರೆ ವರ್ಷ ಅಂಗಡಿ ಮೂಲೆಯಲ್ಲಿ ನಿಂತಿದ್ದೇನೆ ಎಂದು ತಾವೇ ಗಾಬರಿಯಾದರು. ಡ್ರೈವಿಂಗ್ ಸ್ಕೂಲಿನವರಿಗೆ ಶನಿವಾರ ಫೋನು ಮಾಡಿದ್ದೆ. ಕಲಿಯುವವರು ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಒಂದು ಹಚ್ಚುತ್ತಾರಂತೆ. "ದಿನಕ್ಕೆ ಎಷ್ಟು ಸಲ ಒತ್ತುತ್ತಾರೆ?" ಎಂದರೆ "ಹದಿನಾಲ್ಕು" ಎಂದು ನಿಟ್ಟುಸಿರು ಬಿಟ್ಟರು. ಇವತ್ತು ಬೆಳಗ್ಗೆ ಅವರೇ ಫೋನು ಮಾಡಿದರು. "ಮೇಡಂ, ಈಗ ಸೇದಿದ್ದೇ ಕೊನೇದು. ನೋಡೋಣ."

ಮನೆಯಲ್ಲಿ ಮಾವನವರಿಗೂ ಹೇಳಿದೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಕ್ರಮವಾಗಿ. ಪೂರ್ತಿ ಕೇಳಿ, "ಸಹಾಯ ಬೇಡ, ಬರೆದುಕೋ" ಎಂದರು. ಬೇಡ ಎಂದರೂ ಸಲಹೆ ಸಲಹೆಯೇ. ಬರೆದುಕೊಂಡೆ. ಹೋಗುವಾಗ ತಿರುಗಿ ನೋಡಿ, "ಮೂವತ್ತೊಂದಕ್ಕಿಂತ ಕಮ್ಮಿ ಬಂದ್ರೆ ನನ್ನ ಮೊದಲನೇ ಸ್ಥಾನ ಹೋಗುತ್ತಲ್ಲ" ಎಂದರು.

ಮಾರ್ಚ್ 24, ಸೋಮವಾರ

ತೊಂಬತ್ತಾರು.

ಒಂದು ತಮಾಷೆ ಕಂಡುಹಿಡಿದೆ. ಎರಡು ವಾರ ಪೂರ್ತಿ ಸೇದದೆ, ಯಂತ್ರ ಊದಿ ತೋರಿಸಿದವರನ್ನು 'ಬಿಟ್ಟವರು' ಎಂದು ಬರೆಯಬೇಕು. ಬರೆದ ತಕ್ಷಣ ಅವರು ಸೇದುವವರ ಪಟ್ಟಿಯಿಂದಲೇ ಹೊರಗೆ. ಅವರಿಗೆ ಹಾಕಿದ ಗುರುತೂ ಅವರ ಜೊತೆ ಹೊರಗೆ. ಈಗಾಗಲೇ ನಾಲ್ಕು ಜನ ಹೋದರು. ಪಟ್ಟಿಯಲ್ಲಿ ಈಗ ಆರುನೂರ ಇಪ್ಪತ್ತು. ಅಂದರೆ ಹೇಳಿದ್ದಕ್ಕೆ ಅಂಕ ಉಂಟು, ಬಿಟ್ಟಿದ್ದಕ್ಕೆ ಇಲ್ಲ. ಕುಕ್ಕರ್ ಕಂಪನಿಯವರು ಸೀಟಿ ಹೊಡೆದ ಕುಕ್ಕರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದ ಹಾಗೆ!

ಆದ್ದರಿಂದ ನಾನೇ ಹಿಂದಿನ ಪುಟದಲ್ಲಿ ಬೇರೆ ಪಟ್ಟಿ ಮಾಡಿದ್ದೇನೆ. ಯಾರು ಯಾವತ್ತು ಬಿಟ್ಟರು, ಎಷ್ಟನೇ ದಿನ. ಲಾಂಡ್ರಿ, ಆರನೇ ದಿನ. ಬಡಗಿ, ಹದಿನೆಂಟನೇ ದಿನ. ಡ್ರೈವಿಂಗ್ ಸ್ಕೂಲು, ಏಳು. ಸುಮ್ಮನೆ, ಲೆಕ್ಕ ಅಚ್ಚುಕಟ್ಟಾಗಿರಲಿ ಎಂದು. ಬೆಳಗ್ಗೆ ಎದ್ದ ಕೂಡಲೇ ಅದನ್ನು ತೆರೆಯುವುದು ಒಂದು ಚಟವಾಗಿಬಿಟ್ಟಿದೆ.

ಮಾರ್ಚ್ 31, ಸೋಮವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಐದು ಬಾಕಿ ಇತ್ತು. ಹನ್ನೆರಡಕ್ಕೆ ಎರಡು. ನಾಲ್ಕು ಹತ್ತಕ್ಕೆ ಪಂಪಿನಲ್ಲಿ ಪೆಟ್ರೋಲು ಹಾಕುವ ಹುಡುಗಿಗೆ ಸಲಹೆ ಮುಗಿಸಿ ಸಿಸ್ಟರ್ ಗುರುತು ಒತ್ತಿದಳು. ಆರುನೂರ ಇಪ್ಪತ್ತರಲ್ಲಿ ಐನೂರ ಐವತ್ತೆಂಟು. ತೊಂಬತ್ತು! ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ! ಚಿಕ್ಕ ಡಾಕ್ಟರಮ್ಮ ಕೋಣೆಯಿಂದಲೇ ಚಪ್ಪಾಳೆ ತಟ್ಟಿದರು. ದೊಡ್ಡ ಡಾಕ್ಟರು ಚಹಾ ತರಿಸಿದರು. ಸಿಸ್ಟರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಐದೂ ಮೂವತ್ತೈದಕ್ಕೆ ಡ್ರೈವಿಂಗ್ ಸ್ಕೂಲಿನವರು ಬಂದರು. ಒಗೆದ ಅಂಗಿ, ಬಾಚಿದ ತಲೆ, ಬಾಯಿ ತುಂಬ ನಗು.

"ಹದಿನಾಲ್ಕನೇ ದಿನ ಮೇಡಂ! ಇವತ್ತಿಗೆ ಪೂರ್ತಿ ಎರಡು ವಾರ. ಊದ್ತೀನಿ, ಬರ್ಕೊಳ್ಳಿ."

ಊದಿದರು. ಎರಡು.

"ಎರಡು! ನೋಡಿದ್ರಾ? ಹೋದ ವಾರ ಒಂದು ಹುಡುಗಿ ಕಾರನ್ನ ಸೀದಾ ಪೊದೆಯೊಳಗೆ ನುಗ್ಗಿಸಿದ್ಲು. ಆಗಲೂ ಹಚ್ಚಲಿಲ್ಲ!"

ನನ್ನ ತಲೆಯೊಳಗೆ ಲೆಕ್ಕ ತಾನಾಗಿ ಓಡಿತು. ಇವರನ್ನು 'ಬಿಟ್ಟವರು' ಎಂದು ಬರೆದರೆ ಆರುನೂರ ಹತ್ತೊಂಬತ್ತರಲ್ಲಿ ಐನೂರ ಐವತ್ತೇಳು. ಎಂಬತ್ತೊಂಬತ್ತು ಚುಕ್ಕೆ ಒಂಬತ್ತು ಎಂಟು. ತೊಂಬತ್ತಕ್ಕೆ ಕೂದಲೆಳೆ ಕೆಳಗೆ. ನಾಳೆ ಬರೆದರೆ? ಯಾರಿಗೂ ಗೊತ್ತಾಗುವುದಿಲ್ಲ. ಯಾವ ತಪಾಸಣೆಗೂ ಸಿಗುವುದಿಲ್ಲ. ಒಂದು ದಿನ, ಅಷ್ಟೇ.

ಅವರು ಮೇಜಿನ ಮೇಲೆ ಬಗ್ಗಿ ಪರದೆಯನ್ನೇ ನೋಡುತ್ತಿದ್ದರು. "ಇವತ್ತಿನ ತಾರೀಕು ಬೀಳುತ್ತಲ್ವಾ ಮೇಡಂ? ಮನೇಲಿ ಫೋಟೋ ತೋರಿಸ್ಬೇಕು."

ಇವತ್ತಿನ ತಾರೀಕು ಹಾಕಿದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಅವರು ನೋಡುತ್ತ ನಿಂತಿದ್ದರು, ಅದಕ್ಕೇ ಇರಬೇಕು.

ಅವರು ಫೋಟೋ ತೆಗೆದುಕೊಂಡು ಹೋದ ಮೇಲೆ ಪರದೆಯನ್ನು ಸಿಸ್ಟರ್ ಕಡೆ ತಿರುಗಿಸಿದೆ. ಅವಳು ಓದಿದಳು. ಹುಬ್ಬು ಎತ್ತಿದಳು. "ಒಂದು ಬೇಕು" ಎಂದಳು. "ಇಪ್ಪತ್ತು ನಿಮಿಷ ಇದೆ."

ಆಮೇಲೆ ನಡೆದದ್ದನ್ನು ಯಾರಾದರೂ ಬಾಗಿಲಲ್ಲಿ ನಿಂತು ನೋಡಬೇಕಿತ್ತು! ಫೋನು ಎತ್ತದ ಅರವತ್ತೆರಡು ಹೆಸರುಗಳನ್ನು ನಾಲ್ಕು ಪಾಲು ಮಾಡಿದೆ. ದೊಡ್ಡ ಡಾಕ್ಟರು ಒಂದು ಫೋನು, ಚಿಕ್ಕ ಡಾಕ್ಟರಮ್ಮ ಒಂದು, ಸಿಸ್ಟರ್ ಒಂದು, ನಾನೊಂದು. "ಸ್ವಿಚ್ ಆಫ್!" "ಎತ್ತಲಿಲ್ಲ!" "ರಾಂಗ್ ನಂಬರ್, ಆದ್ರೆ ಆಯಮ್ಮಂಗೂ ಸಿಗರೇಟ್ ಬಿಡಿ ಅಂತ ಹೇಳಿದೆ!" ದೊಡ್ಡ ಡಾಕ್ಟರಿಗೆ ಇಷ್ಟು ಗಟ್ಟಿ ಗಂಟಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಐದೂ ಐವತ್ತೆರಡಕ್ಕೆ ನನ್ನ ಫೋನನ್ನು ಒಬ್ಬ ಎತ್ತಿದ. ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುವವನು. ಹಗಲು ಮಲಗುವುದರಿಂದ ಇಷ್ಟು ದಿನ ಸಿಕ್ಕಿರಲಿಲ್ಲ. ಕೈ ಎತ್ತಿ ತೋರಿಸಿದೆ. ಮೂವರೂ ಫೋನು ಇಟ್ಟರು. ಸಿಸ್ಟರ್ ಬಂದು ಅವನ ಕಡತ ತೆರೆದು, ಮೌಸ್ ಮೇಲೆ ಕೈಯಿಟ್ಟು ಕೂತಳು. ಸಲಹೆ ಹೇಳಿ, ಸಹಾಯ ಬೇಕೋ ಬೇಡವೋ ಎಂಬ ಅವನ ಉತ್ತರ ಪಡೆದರೆ ಗುರುತು. ಅವಸರ ಮಾಡಿದರೆ ಎರಡು ನಿಮಿಷ ಸಾಕು.

ಸಲಹೆ ಹೇಳಿದೆ. "ಬಿಡೋದಕ್ಕೆ ಸಹಾಯ ಬೇಕಾ?" ಎಂದೆ.

ಅವನು ತಿರುಗಿ ಕೇಳಿದ, "ನೀವು ಎಲ್ಲಾರಿಗೂ ಕೇಳ್ತೀರಾ ಮೇಡಂ?"

"ಎಲ್ಲಾರಿಗೂ."

"ನಾನು ಮೂರು ಸಲ ಬಿಟ್ಟಿದ್ದೆ. ಮೂರು ಸಲಾನೂ ಶುರು ಮಾಡಿದೆ. ಯಾರಿಗೂ ಹೇಳಿಲ್ಲ. ಬಿಟ್ಟಿದ್ದೂ ಹೇಳಿಲ್ಲ, ಸೋತಿದ್ದೂ ಹೇಳಿಲ್ಲ. ಈಗ ಸಹಾಯ ಬೇಕು ಅಂದ್ರೆ ನಾಲ್ಕನೇ ಸಲ ಸೋಲೋದನ್ನ ನಿಮ್ಮೆದುರಿಗೆ ಸೋಲ್ಬೇಕು."

ಐದೂ ಐವತ್ತಾರು. ಹೌದು ಅಥವಾ ಇಲ್ಲ ಎಂದು ಒಂದು ಮಾತು ಹೇಳಪ್ಪ ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷ ಅದೇ ಮಾಡಿದವಳು.

"ಮೂರನೇ ಸಲ ಎಷ್ಟು ದಿನ ಇದ್ರಿ?" ಎಂದು ಕೇಳಿದೆ.

"ನಲವತ್ತು ದಿನ."

"ನಲವತ್ತಾ! ಅದನ್ನ ಸೋಲು ಅಂತೀರಾ? ಏನಾಯ್ತು ನಲವತ್ತೊಂದನೇ ದಿನ?"

ಅವನು ಹೇಳತೊಡಗಿದ. ಹಿಟ್ಟು ಉಬ್ಬುವವರೆಗೆ ಕಾಯುವ ಹೊತ್ತು, ಜೊತೆಯವನು ಕೆಲಸ ಬಿಟ್ಟು ಹೋದದ್ದು, ಇಡೀ ರಾತ್ರಿ ಮಾತಾಡಲು ಯಾರೂ ಇಲ್ಲದಿರುವುದು. ನಾನು ಗಡಿಯಾರ ನೋಡಿದೆ. ಐವತ್ತೆಂಟು. ಸಿಸ್ಟರ್ ಕಡೆ ನೋಡಿದೆ. ಉತ್ತರ ಬಂದಿಲ್ಲ, ಆದರೆ ಒತ್ತಿದರೆ ಕೇಳುವವರು ಯಾರು? ಅವಳದೇ ಸಂಬಳ, ಅವಳದೇ ಬೆರಳು.

ಅವಳು ಮೌಸ್ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮಾತಾಡಿ, ಮಾತಾಡಿ ಎಂದು ಗಲ್ಲದಿಂದ ಸನ್ನೆ ಮಾಡಿದಳು.

ಮಾತಾಡಿದೆ. ಪರದೆ ಯಾವಾಗ ಬೂದಿ ಬಣ್ಣಕ್ಕೆ ತಿರುಗಿತೋ ನೋಡಲಿಲ್ಲ. ಆರೂ ಹತ್ತಕ್ಕೆ ಅವನು, "ನಾಳೆ ಪಾಳಿ ಮುಗಿಸಿ ಬರ್ಲಾ?" ಎಂದ. ಸಿಸ್ಟರ್ ಚೀಟಿಯಲ್ಲಿ 'ಹತ್ತು ಗಂಟೆ' ಎಂದು ಬರೆದು ನನ್ನ ಕಣ್ಣೆದುರು ಹಿಡಿದಳು.

ಏಪ್ರಿಲ್ 1, ಮಂಗಳವಾರ

ಅರ್ಧ. ಅಂದರೆ ಸಿಸ್ಟರ್ ಬೆಳಗ್ಗೆ ಮಾತ್ರ. ದೊಡ್ಡ ಡಾಕ್ಟರು ಮುಖ ಸಣ್ಣ ಮಾಡಿಕೊಂಡು ಹೇಳಿದರು. ಮಧ್ಯಾಹ್ನಗಳಿಗೆ ಕಣ್ಣಾಸ್ಪತ್ರೆಯಲ್ಲಿ ಕೇಳಿದ್ದೇನೆ ಎಂದು ಅವಳು ಆಗಲೇ ಸಿದ್ಧವಾಗಿ ಬಂದಿದ್ದಳು. ಎರಡು ಬಸ್ಸು ಬದಲಿಸಬೇಕು. ನಾನು ಇಲಾಖೆಯ ಕಾಗದವನ್ನೇ ಮತ್ತೆ ಓದಿದೆ. ಹಿಂಬದಿಯಲ್ಲಿ, ಯಾರೂ ಓದದ ಸಣ್ಣಕ್ಷರದಲ್ಲಿ, ಸೆಪ್ಟೆಂಬರ್ ಕೊನೆಗೆ ಮರುಲೆಕ್ಕ ಇದೆ! ಆಗ ತೊಂಬತ್ತು ದಾಟಿದರೆ ಉಳಿದರ್ಧ! ನೂರ ಎಂಬತ್ತಕ್ಕೂ ಹೆಚ್ಚು ದಿನ, ಇವತ್ತಿನಿಂದ ಎಲ್ಲಾ ಚೌಕಗಳೂ ಖಾಲಿ, ಎಲ್ಲರನ್ನೂ ಮತ್ತೆ ಮೊದಲಿಂದ! ಓದಿ ಹೇಳುವಾಗ ನನ್ನ ದನಿ ಹೊರಗೆ ಸಾಲಿನ ಕೊನೆಯವರಿಗೂ ಕೇಳಿಸಿತಂತೆ.

ಹತ್ತಕ್ಕೆ ಬೇಕರಿಯವನು ಬಂದ. ತೋಳಿನ ತುಂಬ ಹಿಟ್ಟು, ಕಣ್ಣಿನ ತುಂಬ ನಿದ್ದೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವನು. ಊದಿದ, ಇಪ್ಪತ್ತೇಳು. "ಬೇಜಾರಾಯ್ತಾ?" ಎಂದು ಸಿಸ್ಟರ್ ಕೇಳಿದಳು. "ಇಲ್ಲ, ಇನ್ನೂ ಜಾಸ್ತಿ ಬರುತ್ತೆ ಅಂದ್ಕೊಂಡಿದ್ದೆ" ಎಂದ. ನಾನೂ ಕುರ್ಚಿ ಎಳೆದುಕೊಂಡು ಕೂತೆ. ಬೆಳಗಿನ ಜಾವ ಹಿಟ್ಟು ಉಬ್ಬುವ ಆ ಮುಕ್ಕಾಲು ಗಂಟೆಯನ್ನು ಏನು ಮಾಡುವುದೆಂದು ಮೂವರೂ ಯೋಚಿಸಿದೆವು. ಆ ಹೊತ್ತಿನಲ್ಲಿ ಎಚ್ಚರವಿರುವವರು ಇನ್ಯಾರು? ನಮ್ಮ ಮಾವನವರು! ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮನೆಯೆಲ್ಲ ಓಡಾಡುತ್ತಾರೆ. ಆ ಹೊತ್ತಿಗೆ ಅವನ ಜೊತೆ ಫೋನಿನಲ್ಲಿ ಮಾತಾಡ್ತೀರಾ ಎಂದು ಕೇಳಿದರೆ, "ಅವನು ಸೇದದ ಹಾಗೆ ಕಾಯೋ ಹೊತ್ತಲ್ಲಿ ನಾನೂ ಸೇದೋ ಹಾಗಿಲ್ಲ ಅಂತೀಯೇನೋ?" ಎಂದು ಗೊಣಗಿ ಒಪ್ಪಿಕೊಂಡರು.

ಅವನನ್ನು ಗೇಟಿನವರೆಗೆ ಬಿಟ್ಟು ಬಂದು ಬೇರೆ ಕೆಲಸಕ್ಕೆ ಬಿದ್ದೆ. ಒಂದು ಗಂಟೆಗೆ ಸಿಸ್ಟರ್ ಕಣ್ಣಾಸ್ಪತ್ರೆಗೆ ಹೊರಟವಳು, ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಕಂಪ್ಯೂಟರ್ ಮುಂದೆ ನಿಂತು ನಗತೊಡಗಿದಳು. ಅವಳು ಗಟ್ಟಿಯಾಗಿ ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು.

"ಅಕ್ಕ, ಬೇಕರಿಯವನಿಗೆ ನೀವು ಗುರುತೇ ಹಾಕಿಲ್ಲ."

ನೋಡಿದರೆ ನಿಜ. ಹಳದಿ ಪಟ್ಟಿ ಹಾಗೇ ಕೂತಿದೆ. ವಯಸ್ಸಾಯಿತು, ಮರೆವು. ನಾಳೆಯಿಂದ ಹುಷಾರಾಗಿರಬೇಕು.